ಸಹಿ ಹಾಕದವಳ ತಲೆಗೆ ಹೊಣೆ

ಮೊದಲು ನಡೆದದ್ದನ್ನು ಹೇಳಿಬಿಡುತ್ತೇವೆ. ವಾದ ಆಮೇಲೆ.

ನಮ್ಮ ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡಿನ ಎದುರು ಒಂದು ಕಾಂಪ್ಲೆಕ್ಸಿದೆ. ಕೆಳಗೆ ಸೀರೆ ಅಂಗಡಿ, ಮೊಬೈಲ್ ಅಂಗಡಿ, ಬೇಕರಿ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಟ್ಯೂಷನ್ನು. ಎರಡನೇ ಮಹಡಿಯಲ್ಲಿ ಜಿಮ್ಮು. ಅದರ ಮೇಲೆ ತಾರಸಿ, ನೀರಿನ ಟ್ಯಾಂಕು. ಮಳೆ ಬಂದರೆ ತಾರಸಿ ಸೋರುತ್ತದೆ. ಸೋರುತ್ತದೆ ಎಂಬುದು ಆ ಕಟ್ಟಡದಲ್ಲಿರುವ ಎಲ್ಲರಿಗೂ ಗೊತ್ತು.

ನಮ್ಮ ಕೇರಿಯ ಹುಡುಗನೊಬ್ಬ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದ. ದೇಹದಾರ್ಢ್ಯ ಪರೀಕ್ಷೆಗೆ ಮೈ ಗಟ್ಟಿಯಾಗಲಿ ಎಂದು ಅವ್ವನ ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ಮೂರು ತಿಂಗಳ ಹಣ ಒಟ್ಟಿಗೆ ಕಟ್ಟಿ ಆ ಜಿಮ್ಮಿಗೆ ಸೇರಿದ. ಕಳೆದ ಮಳೆಗಾಲದ ಒಂದು ಬೆಳಗಿನ ಜಾವ ಕೈಯಲ್ಲಿ ಡಂಬೆಲ್ಲು ಹಿಡಿದು ನಡೆಯುವಾಗ ಸೋರಿದ ನೀರಿನ ಮೇಲೆ ಕಾಲಿಟ್ಟ, ಜಾರಿದ, ಬಿದ್ದ. ಮಣಿಕಟ್ಟಿನ ಹತ್ತಿರ ಎರಡೂ ಮೂಳೆ ಮುರಿದವು. ಆಪರೇಷನ್ ಆಯಿತು, ಕಬ್ಬಿಣದ ಪಟ್ಟಿ ಕೂರಿಸಿದರು. ಆ ಸಲದ ಪರೀಕ್ಷೆ ಹೋಯಿತು. ಸಂಘದ ಸಾಲದ ಮೇಲೆ ಆಸ್ಪತ್ರೆಯ ಸಾಲ ಕೂತಿತು.

ನಾವು ನಾಲ್ಕು ಜನ ಕೇಳಲು ಹೋದೆವು.

ಜಿಮ್ಮಿನವನು ಹೇಳಿದ: ‘ಫಾರಮ್ಮಿಗೆ ಸೈನ್ ಹಾಕಿದ್ದಾನಲ್ಲ ಸಾರ್, ಏನಾದ್ರೂ ಆದ್ರೆ ತನ್ನದೇ ಜವಾಬ್ದಾರಿ ಅಂತ. ಆಮೇಲೆ ಸೋರ್ತಿರೋದು ನಂದಲ್ಲ, ಬಿಲ್ಡಿಂಗ್ ಓನರ್‌ದು. ಎಷ್ಟು ಸಲ ಹೇಳೋದು ಅವರಿಗೆ?’

ಕಾಂಪ್ಲೆಕ್ಸಿನ ಯಜಮಾನರು ಹೇಳಿದರು: ‘ಬಾಡಿಗೆಗೆ ಕೊಟ್ಟ ಮೇಲೆ ಒಳಗಿನ ರಿಪೇರಿ ಅವನದು. ಅಗ್ರಿಮೆಂಟ್ ನೋಡಿ. ಅವನು ಕಬ್ಬಿಣ ಎತ್ತೆತ್ತಿ ಹಾಕಿಸಿ ನನ್ನ ನೆಲ ಬಿರುಕು ಬಿಟ್ಟಿದೆ. ಬಾಡಿಗೆ ಬೇರೆ ಬಾಕಿ. ಕೇಸು ಹಾಕಬೇಕಾದವನು ನಾನು.’

ಕಸ ಗುಡಿಸಲು ಆಳು ಕೊಡುವ ಏಜೆನ್ಸಿಯ ಸೂಪರ್‌ವೈಸರ್ ಹೇಳಿದ: ‘ನೆಲ ಒರೆಸೋದು ನಮ್ ಹೆಂಗಸು. ಸರಿಯಾಗಿ ಒರೆಸಿಲ್ಲ. ಅವಳನ್ನ ತೆಗೆದಾಕಿದೀವಿ, ಬಿಡಿ.’

ಆ ಹೆಂಗಸು ಯಾರು? ನಮ್ಮ ಪಕ್ಕದ ಕೇರಿಯ ದೊಡ್ಡವ್ವ. ಮನೆಗೆ ಹೋಗಿ ಕೇಳಿದೆವು. ‘ಬಕೀಟು ಮಡಗಿದ್ದೆ ಕಣಪ್ಪ, ಸೋರೋ ಜಾಗಕ್ಕೆ. ಬಂದೋರು ಪೋಟ ಹಿಡೀತಾರೆ, ಬಕೀಟು ಚೆಂದ ಕಾಣಕಿಲ್ಲ, ಎತ್ತು ಅಂದ್ರು. ಎತ್ತಿದೆ. ಎತ್ತು ಅಂದೋರ್ನ ಯಾರೂ ಕೇಳ್ನಿಲ್ಲ’ ಎಂದಳು. ಹನ್ನೊಂದು ದಿನದ ಕೂಲಿ ಹಿಡಿದುಕೊಂಡು ಅವಳನ್ನು ಮನೆಗೆ ಕಳಿಸಿದ್ದರು. ‘ಆ ಮಗೀನ ಕೈ ನನ್ನಿಂದ್ಲೇ ಮುರೀತೇನಪ್ಪ?’ ಎಂದು ನಮ್ಮನ್ನೇ ಕೇಳಿದಳು.

ಗೆಳೆಯರೇ, ಈ ಲೇಖನ ಆ ಪ್ರಶ್ನೆಗೆ ಉತ್ತರ.

ನಮ್ಮವರಲ್ಲೇ ಕೆಲವರು ಮೂಗು ಮುರಿಯುತ್ತಾರೆ ಎಂದು ಗೊತ್ತು. ‘ಭೂಮಿ ಇಲ್ಲ, ಕುಡಿಯುವ ನೀರಿಲ್ಲ, ಸ್ಮಶಾನಕ್ಕೆ ಜಾಗ ಇಲ್ಲ, ನೀವು ಜಿಮ್ಮಿನ ವಿಷಯ ಬರೀತೀರಾ? ಅದು ಹೊಟ್ಟೆ ತುಂಬಿದವರ ಚಟ’ ಎನ್ನುತ್ತಾರೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಕಲ್ಲು ಹೊತ್ತು, ನೇಗಿಲು ಹಿಡಿದು, ಮೂಟೆ ಎತ್ತಿ ಮೈ ಬೆಳೆದ ಜನ ನಾವು. ಕಾಸು ಕೊಟ್ಟು ಕಬ್ಬಿಣ ಎತ್ತುವುದು ನಮಗೆ ನಗೆಯ ವಿಷಯವಾಗಿತ್ತು.

ಆದರೆ ಆ ಹುಡುಗ ಅಲ್ಲಿಗೆ ಚಟಕ್ಕೆ ಹೋಗಲಿಲ್ಲ. ಸರ್ಕಾರಿ ಕೆಲಸಕ್ಕೆ ಹೋದ. ಓಡಲು ತಾಲೂಕು ಮೈದಾನ ಇತ್ತು. ಅಲ್ಲಿ ಈಗ ವರ್ಷಕ್ಕೆ ನಾಲ್ಕು ಸಲ ವಸ್ತುಪ್ರದರ್ಶನ, ಉಳಿದ ದಿನ ಲಾರಿ. ಗರಡಿಮನೆ ಇತ್ತಲ್ಲ ಎನ್ನುತ್ತೀರಿ. ಕೆಮ್ಮಣ್ಣಿನ ಗರಡಿಯ ಬಗ್ಗೆ ಕಣ್ಣೀರು ಹಾಕುವವರನ್ನು ನಾವು ಒಂದು ಮಾತು ಕೇಳುತ್ತೇವೆ: ಆ ಮಣ್ಣನ್ನು ಹೊತ್ತು ತಂದು ಸುರಿದವರು ಯಾರು, ಅದಕ್ಕೆ ಇಳಿದು ತೊಡೆ ತಟ್ಟಿದವರು ಯಾರು? ನಮ್ಮೂರಿನ ಗರಡಿಯ ಹೊಸ್ತಿಲು ನಮ್ಮ ಅಜ್ಜಂದಿರಿಗೆ ಹೊರಗಿನಿಂದ ನೋಡಲಿಕ್ಕೆ ಮಾತ್ರ ಇತ್ತು. ಜಿಮ್ಮಿನ ಬಾಗಿಲಲ್ಲಿ ಜಾತಿ ಕೇಳುವುದಿಲ್ಲ, ದುಡ್ಡು ಕೇಳುತ್ತಾರೆ. ಅದಕ್ಕೇ ನಮ್ಮ ಹುಡುಗರು ಹೋಗುತ್ತಾರೆ. ತಪ್ಪಲ್ಲ. ಆದರೆ ಬಾಗಿಲಲ್ಲಿ ಕೇಳದ ಜಾತಿ ಒಳಗಿನ ಕಾಗದದಲ್ಲಿ ಹೇಗೆ ಕೂತಿದೆ ಎಂಬುದನ್ನು ನೋಡಬೇಕು.

ಆ ಕಟ್ಟಡದಲ್ಲಿ ಮೂರು ಕಾಗದಗಳಿವೆ.

ಮೊದಲನೆಯದು ಯಜಮಾನ ಮತ್ತು ಜಿಮ್ಮಿನವನ ನಡುವಿನ ಬಾಡಿಗೆ ಕರಾರು. ಎಷ್ಟು ವರ್ಷ ಬಿಟ್ಟುಹೋಗುವಂತಿಲ್ಲ, ಮುಂಗಡ ಎಷ್ಟು, ಕಾರಿಡಾರಿನ ದೀಪಕ್ಕೆ, ಲಿಫ್ಟಿಗೆ, ಜನರೇಟರಿಗೆ ಯಾರ ಪಾಲು ಎಷ್ಟು, ಎಲ್ಲ ಅದರಲ್ಲಿದೆ. ಗೋಡೆ, ತಾರಸಿ, ಕಂಬ ಯಾರ ಹೊಣೆ ಎಂಬ ಕಡೆಗೆ ಬಂದಾಗ ಮಾತು ಮಸುಕಾಗುತ್ತದೆ. ಜಗಳ ಹುಟ್ಟುವುದೇ ಅಲ್ಲಿ. ಮೇಲೆ ಕಬ್ಬಿಣ ಬಿದ್ದರೆ ಕೆಳಗೆ ಡಾಕ್ಟರ ಕುರ್ಚಿ ನಡುಗುತ್ತದೆ. ಅಂಗಡಿಗೆಂದು, ಕಚೇರಿಗೆಂದು ಹಾಕಿದ ಚಾವಣಿಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ತಂದಿಡುವಾಗ ಅದು ಹೊರುತ್ತದೆಯೋ ಎಂದು ಎಂಜಿನಿಯರನ್ನು ಕೇಳಿದವರಿಲ್ಲ. ಬಾಡಿಗೆ ತಡವಾದರೆ ಯಜಮಾನ ಕರೆಂಟು ಕೀಳುತ್ತಾನೆ. ಒಂದು ದಿನ ಬೆಳಿಗ್ಗೆ ಬಾಗಿಲಿಗೆ ಎರಡು ಬೀಗ. ವರ್ಷದ ಹಣ ಕಟ್ಟಿದವರು ಬೀದಿಯಲ್ಲಿ. 2020ರ ಮಾರ್ಚಿನಿಂದ ಆಗಸ್ಟ್ ಮೊದಲ ವಾರದವರೆಗೆ ಕೊರೋನಾ ಕಾರಣಕ್ಕೆ ದೇಶದ ಜಿಮ್ಮುಗಳೆಲ್ಲ ಮುಚ್ಚಿದ್ದಾಗ ಬಾಡಿಗೆಯ ವ್ಯಾಜ್ಯಗಳು ಕೋರ್ಟಿನವರೆಗೆ ಹೋದವು. ಆ ವ್ಯಾಜ್ಯಗಳಲ್ಲಿ ನೆಲ ಒರೆಸುವವಳ ಅಷ್ಟು ತಿಂಗಳ ಕೂಲಿ ಯಾರ ಪ್ರಶ್ನೆಯೂ ಆಗಿರಲಿಲ್ಲ.

ಎರಡನೆಯದು ಜಿಮ್ಮಿನವನು ಹುಡುಗನ ಕೈಯಲ್ಲಿ ಸಹಿ ಮಾಡಿಸಿಕೊಂಡ ಫಾರಮ್ಮು. ಇಂಗ್ಲಿಷಿನಲ್ಲಿದೆ. ಅಕ್ಷರ ಸಾಸಿವೆಕಾಳಿಗಿಂತ ಸಣ್ಣದು. ನಾವು ಅದನ್ನು ಕನ್ನಡದಲ್ಲಿ ಓದಿಕೊಂಡೆವು. ಅದರ ಸಾರ ಇಷ್ಟು: ಗಾಯವಾದರೆ ನಾವಲ್ಲ, ಸತ್ತರೆ ನಾವಲ್ಲ, ನಮ್ಮ ನಿರ್ಲಕ್ಷ್ಯದಿಂದಲೇ ಆದರೂ ನಾವಲ್ಲ, ಹಣ ವಾಪಸ್ಸು ಇಲ್ಲ. ಆ ಹುಡುಗ ಡಿಗ್ರಿ ಓದಿದವನು. ‘ಓದಿದ್ಯೇನೋ?’ ಎಂದು ಕೇಳಿದೆವು. ‘ಎಲ್ಲಿ ಓದ್ಲಿ ಅಣ್ಣ, ಹಿಂದೆ ಲೈನಿತ್ತು. ಇಲ್ಲಿ ಸೈನು ಅಂದ್ರು, ಹಾಕ್ದೆ’ ಎಂದ. ನಮ್ಮ ಅಜ್ಜಂದಿರು ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದೂ ಹೀಗೆಯೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಇವನಿಗೆ ಅಕ್ಷರ ಬರುತ್ತದೆ, ಓದಲು ಬಿಡುವುದಿಲ್ಲ. ಅಷ್ಟೇ ವ್ಯತ್ಯಾಸ.

ಮೂರನೆಯದು ಜಿಮ್ಮಿಗೂ ಏಜೆನ್ಸಿಗೂ ನಡುವಿನ ಗುತ್ತಿಗೆ. ಕೆಲಸದವರಿಗೆ ಏನೇ ಆದರೂ, ಕೆಲಸದವರಿಂದ ಏನೇ ಆದರೂ ಏಜೆನ್ಸಿಯೇ ಹೊಣೆ ಎಂದು ಅದರಲ್ಲಿದೆ. ಏಜೆನ್ಸಿಯವನು ಆ ಹೊಣೆಯನ್ನು ಹೊರುತ್ತಾನೆಯೇ? ಅವನ ಕೈಯಲ್ಲಿ ಒಂದೇ ಉಪಾಯವಿದೆ: ಆಳನ್ನು ಬದಲಾಯಿಸುವುದು.

ಈ ಮೂರು ಕಾಗದಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಬಾಡಿಗೆ, ಶುಲ್ಕ, ಕಮಿಷನ್ನು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಹೊಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪ್ರತಿ ಮೆಟ್ಟಿಲಿನವನೂ ತನಗಿಂತ ಕೆಳಗಿನ ಮೆಟ್ಟಿಲಿನವನ ತಲೆಗೆ ಅದನ್ನು ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ. ಕೊನೆಗೆ ಅದು ಬಂದು ನಿಲ್ಲುವುದು ಯಾವ ಕಾಗದಕ್ಕೂ ಸಹಿ ಹಾಕದ, ಯಾವ ಕಾಗದದಲ್ಲೂ ಹೆಸರಿಲ್ಲದ ದೊಡ್ಡವ್ವನ ತಲೆಯ ಮೇಲೆ. ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಮನುಸ್ಮೃತಿಯ ಪುಟದಲ್ಲಿ ಮಾತ್ರ ಇದೆ ಎಂದು ತಿಳಿದವರು ಈ ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಿ ನೋಡಲಿ.

ಹಾಗಾದರೆ ಈ ಕಾಗದಗಳೇ ಕೊನೆಯ ಮಾತೇ? ಅಲ್ಲ. ಹೆದರಿಸಲು ಮಾತ್ರ ಅವು ದೊಡ್ಡವು.

1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಕರಾರೇ ಅಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಒಂದು ಸರ್ಕಾರಿ ಜಲಸಾರಿಗೆ ನಿಗಮದ ನೌಕರರ ಪ್ರಕರಣದಲ್ಲಿ ಈ ಕಲಮನ್ನು ಎತ್ತಿಕೊಂಡಿತು. ಕಾರಣ ಹೇಳದೆ ಮೂರು ತಿಂಗಳ ನೋಟಿಸಿನಲ್ಲಿ ನೌಕರನನ್ನು ತೆಗೆಯಬಹುದೆಂಬ ನಿಯಮ ಅಲ್ಲಿತ್ತು. ಬಲವುಳ್ಳವನು ಅಚ್ಚು ಹಾಕಿಸಿ ತಂದ ಕಾಗದಕ್ಕೆ ಬೇರೆ ದಾರಿಯಿಲ್ಲದ ಬಲಹೀನನು ಸಹಿ ಹಾಕಿದರೆ, ಆ ಕಾಗದದ ಅನ್ಯಾಯದ ಷರತ್ತು ನಿಲ್ಲುವುದಿಲ್ಲ ಎಂದು ಕೋರ್ಟು ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ‘ಅನ್ಯಾಯದ ಕರಾರು’ ಎಂಬ ಮಾತನ್ನೇ ಶಾಸನದೊಳಕ್ಕೆ ತಂದಿತು. ಇಷ್ಟಾದರೂ ನಮ್ಮಲ್ಲಿ ಇರುವುದು ಸಾಮಾನ್ಯ ಮಾತು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾನೂನು ನೇರವಾಗಿ ವ್ಯಾಯಾಮಶಾಲೆಯ ಹೆಸರನ್ನೇ ಹಿಡಿದು ಹೇಳುತ್ತದೆ: ಹಣ ಪಡೆದು ಒಳಗೆ ಬಿಟ್ಟ ಮೇಲೆ ನಿಮ್ಮ ನಿರ್ಲಕ್ಷ್ಯಕ್ಕೆ ನೀವು ಹೊಣೆಯಲ್ಲ ಎಂದು ಬರೆಸಿಕೊಂಡ ಕಾಗದ ಅಸಿಂಧು. ಇಂಗ್ಲೆಂಡಿನಲ್ಲಿ 1977ರಿಂದಲೇ, ನಿರ್ಲಕ್ಷ್ಯದಿಂದ ಆದ ಸಾವು ಮತ್ತು ಗಾಯದ ಹೊಣೆಯನ್ನು ಕರಾರಿನಿಂದ ಕಳಚಿಕೊಳ್ಳಲು ವ್ಯಾಪಾರಿಗೆ ಬರುವುದಿಲ್ಲ. ಅಲ್ಲಿಂದ ಟ್ರೆಡ್‌ಮಿಲ್ಲು ತರಿಸಿಕೊಂಡವರು, ಜಿಮ್ಮು ಎಂಬ ಹೆಸರನ್ನೂ ತರಿಸಿಕೊಂಡವರು, ಈ ಒಂದು ಸಾಲು ಕಾನೂನನ್ನು ಯಾಕೆ ತರಿಸಿಕೊಳ್ಳಲಿಲ್ಲ?

ಇನ್ನು ಯಜಮಾನರ ಮಾತು. ‘ಬಾಡಿಗೆಗೆ ಕೊಟ್ಟ ಮೇಲೆ ನನಗೇನು?’ 1966ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರದ ಪ್ರಕರಣ ಬಂದಿತ್ತು. ಸುಮಾರು 80 ವರ್ಷದ ಗೋಪುರ ಕುಸಿದು ಬೀದಿಯ ಜನ ಸತ್ತಿದ್ದರು. ಒಳಗಿನ ಶಿಥಿಲತೆ ಕಣ್ಣಿಗೆ ಕಾಣುವಂತಿರಲಿಲ್ಲ ಎಂದು ಪಾಲಿಕೆ ವಾದಿಸಿತು. ಕೋರ್ಟು ಒಪ್ಪಲಿಲ್ಲ. ಬೀದಿಗೆ ಅಂಟಿದ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಒಡೆಯನ ಕರ್ತವ್ಯ, ಅಪಾಯ ಗೊತ್ತಿರಲಿಲ್ಲ ಎಂಬುದು ನೆಪವಾಗದು ಎಂದಿತು. ಅದು ಹಾದಿಹೋಕರ ಪ್ರಕರಣ, ನಮ್ಮದು ಒಳಗೆ ಹೋದವನ ಪ್ರಕರಣ. ವಕೀಲರು ವ್ಯತ್ಯಾಸ ಹುಡುಕುತ್ತಾರೆ, ಹುಡುಕಲಿ. ನಮ್ಮ ಪ್ರಶ್ನೆ ಸರಳ: ಗೊತ್ತಿಲ್ಲದ ಶಿಥಿಲತೆಗೇ ಒಡೆಯ ಹೊಣೆಯಾದರೆ, ಎಲ್ಲರಿಗೂ ಗೊತ್ತಿದ್ದು ಮೂರು ಮಳೆಗಾಲ ಸೋರಿದ ತಾರಸಿಗೆ ದೊಡ್ಡವ್ವ ಹೇಗೆ ಹೊಣೆ?

ಸೋರುವ ತಾರಸಿಗೆ ಕೈ ಮುರಿಯಿತು. ಹೊಣೆಗೇಡಿತನ ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದು 59 ಜನ ಸತ್ತರು. ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಮೇಲೇರಿತು. ಹೊರಬರುವ ದಾರಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿದ್ದರು. 2011ರಲ್ಲಿ, ಅಂದರೆ 14 ವರ್ಷದ ಮೇಲೆ, ಸುಪ್ರೀಂ ಕೋರ್ಟು ಪರಿಹಾರದ ಹೊಣೆಯನ್ನು ಮಾಲೀಕರಿಗೆ 85 ಪಾಲು, ವಿದ್ಯುತ್ ಮಂಡಳಿಗೆ 15 ಪಾಲು ಎಂದು ಹಂಚಿತು. ಪರವಾನಗಿ ಕೊಟ್ಟ ಅಧಿಕಾರಿಗಳನ್ನೂ ಪಾಲಿಕೆಯನ್ನೂ ಪರಿಹಾರದ ಹೊಣೆಯಿಂದ ಬಿಟ್ಟಿತು. ರುಜು ಹಾಕಿ ಮುದ್ರೆ ಒತ್ತಿದವರಿಗೆ ಹೊಣೆಯಿಲ್ಲ!

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ. ಒಂಬತ್ತು ಜನ ಸತ್ತರು. 2019ರ ಮೇ 24ರಂದು ಸೂರತ್ತಿನ ಒಂದು ಕಾಂಪ್ಲೆಕ್ಸಿನ ಮೇಲ್ಗಡೆ ಕೋಚಿಂಗ್ ಕ್ಲಾಸಿನಲ್ಲಿದ್ದ 22 ಮಕ್ಕಳು ಬೆಂಕಿಗೆ ಹೆದರಿ ಕಿಟಕಿಯಿಂದ ಹಾರಿ, ಹೊಗೆಯಲ್ಲಿ ಸಿಕ್ಕಿ ಸತ್ತರು. 2024ರ ಜುಲೈ 27ರಂದು ದೆಹಲಿಯ ಕೋಚಿಂಗ್ ಸಂಸ್ಥೆಯೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂರು ವಿದ್ಯಾರ್ಥಿಗಳು ಮುಳುಗಿದರು. ಸಾಮಾನು ಇಡಲಿಕ್ಕೆಂದು ಅನುಮತಿ ಪಡೆದ ನೆಲಮಾಳಿಗೆಯಲ್ಲಿ ಗ್ರಂಥಾಲಯ ಮಾಡಿದ್ದರು. ನಮ್ಮ ಊರುಗಳಲ್ಲೂ ನೆಲಮಾಳಿಗೆಗೆ ಇಳಿದು ನೋಡಿ: ಗಾಡಿ ನಿಲ್ಲಿಸುತ್ತೇವೆಂದು ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಜಿಮ್ಮು, ಗೋದಾಮು, ಟ್ಯೂಷನ್ನು. ಒಂದೇ ಮೆಟ್ಟಿಲು, ಅದಕ್ಕೂ ಕಬ್ಬಿಣದ ಷಟರು. ಅಲ್ಲಿಗೆ ಬೆಳಗಿನ ಜಾವ ಐದಕ್ಕೆ ಮೊದಲು ಇಳಿಯುವವಳು ಪೊರಕೆ ಹಿಡಿದವಳು. ರಾತ್ರಿ ಕೊನೆಗೆ ಏರುವವಳೂ ಅವಳೇ.

ಅದಕ್ಕಿಂತ ಕೆಳಗೂ ಒಂದು ಮಹಡಿಯಿದೆ. ಯಾವ ನಕ್ಷೆಯಲ್ಲೂ ಅದಕ್ಕೆ ಬಾಡಿಗೆ ಬರೆದಿರುವುದಿಲ್ಲ. ಬೆವರು ತೊಳೆದ ನೀರು, ಶೌಚಾಲಯದ ನೀರು ಇಳಿಯುವ ಗುಂಡಿ. ಅದು ಕಟ್ಟಿಕೊಂಡ ದಿನ ಜಿಮ್ಮಿನವನೂ ಯಜಮಾನನೂ ಖರ್ಚು ಯಾರದೆಂದು ಕಿತ್ತಾಡುತ್ತಾರೆ. ಇಳಿಯುವವನು ಯಾರು ಎಂಬ ಬಗ್ಗೆ ಮಾತ್ರ ಇಬ್ಬರಿಗೂ ಜಗಳವಿಲ್ಲ. ರಕ್ಷಣೆಯಿಲ್ಲದೆ ಮಲಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ, ಇಳಿಸಿದವನಿಗೆ ಜೈಲು. ಅಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು. ಇಳಿಯುವವನ ಜಾತಿ ಬದಲಾಯಿತೇ?

ಕಾಂಪ್ಲೆಕ್ಸು ಎಂದರೆ ನಮಗೆ ಸವಣೂರು ನೆನಪಾಗುತ್ತದೆ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಆ ಊರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಊರಿನ ಮಲ ಹೊತ್ತ ಜನ ಅವರು. ದಶಕಗಳಿಂದ ಅವರು ಬದುಕಿದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಪುರಸಭೆ ಹೊರಟಿತ್ತು. ಕಟ್ಟಡ ಏಳುವ ಮೊದಲು ನಮ್ಮವರು ಜಾಗ ಬಿಡಬೇಕು. ಎದ್ದ ಮೇಲೆ ಅದೇ ಜಾಗಕ್ಕೆ ಪೊರಕೆ ಹಿಡಿದು ಬರಬೇಕು. ಇದು ಅಭಿವೃದ್ಧಿಯ ನಕ್ಷೆ.

ಕಾನೂನು ಏನು ಹೇಳುತ್ತದೆ, ನೋಡೋಣ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ 20 ಜನರಿದ್ದಲ್ಲಿ ಅನ್ವಯವಾಗುತ್ತಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು ಈಗ 50 ಜನ ಬೇಕು. ನಮ್ಮ ಜಿಲ್ಲಾ ಕೇಂದ್ರದ ಯಾವ ಜಿಮ್ಮಿನಲ್ಲಿ 50 ಜನ ಗುತ್ತಿಗೆಯವರಿದ್ದಾರೆ? ಇನ್ನೊಂದು ಮಾತು ಕೇಳಿ. ಸಂಸ್ಥೆಯ ‘ಮುಖ್ಯ ಚಟುವಟಿಕೆ’ಗೆ ಗುತ್ತಿಗೆಯವರನ್ನು ಇಡಬಾರದು ಎಂದು ಸಂಹಿತೆ ಹೇಳುತ್ತದೆ. ಸಂತೋಷ. ಆದರೆ ಯಾವುದು ಮುಖ್ಯ ಅಲ್ಲ ಎಂಬ ಪಟ್ಟಿಯಲ್ಲಿ ಗುಡಿಸುವುದು, ತೊಳೆಯುವುದು, ಧೂಳು ಒರೆಸುವುದು, ಕಸ ಸಾಗಿಸುವುದು ಎಂದು ಎಣಿಸಿ ಬರೆದಿದೆ. ನಾಲ್ಕು ವರ್ಣದ ಆಚೆಗೆ ಐದನೆಯವರನ್ನು ಇಟ್ಟ ಹಾಗೆಯೇ! ಜಿಮ್ಮಿನಲ್ಲಿ ಕನ್ನಡಿ ಮುಖ್ಯ, ಹಾಡು ಮುಖ್ಯ, ಕಬ್ಬಿಣ ಮುಖ್ಯ, ನೆಲ ಒಣಗಿರುವುದು ಮುಖ್ಯ ಅಲ್ಲ. ಆದರೆ ಹುಡುಗ ಬಿದ್ದ ಕ್ಷಣ ನೆಲ ಒರೆಸುವುದೇ ಎಲ್ಲಕ್ಕಿಂತ ಮುಖ್ಯ ಕೆಲಸವಾಗಿಬಿಟ್ಟಿತು. ಕೂಲಿ ಕೊಡುವಾಗ ಮುಖ್ಯ ಅಲ್ಲದವಳು ಶಿಕ್ಷೆ ಕೊಡುವಾಗ ಮುಖ್ಯಳಾದಳು.

2024ರ ಜುಲೈಯಲ್ಲಿ ಬೆಂಗಳೂರಿನ ಒಂದು ಮಾಲ್ ಪಂಚೆ ಉಟ್ಟು ಬಂದ ರೈತನನ್ನು ಒಳಗೆ ಬಿಡಲಿಲ್ಲ. ರಾಜ್ಯ ಕುದಿಯಿತು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲೇ ಹೇಳಿತು. ಸರಿಯಾದ ಕೆಲಸ. ನಾವೂ ಆ ರೈತನ ಪರವಾಗಿ ಕೂಗಿದವರೇ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ನಾಡೆಲ್ಲ ಅತ್ತಿತು. ಮನೆಮನೆಯಲ್ಲೂ ಜಿಮ್ಮಿನ ಮಾತು, ಹೃದಯದ ಮಾತು. ನಾವೂ ಅತ್ತವರೇ. ಆದರೆ ಒಂದನ್ನು ಕೇಳಬೇಕು. ಹೊರಗೆ ನಿಂತ ಪಂಚೆಗೆ ಕಣ್ಣು ತೆರೆದ ನಾಡು, ಒಳಗೆ ಬಗ್ಗಿ ನೆಲ ಒರೆಸುವ ಸೀರೆಗೆ ಯಾವಾಗ ಕಣ್ಣು ತೆರೆಯುತ್ತದೆ?

ಜಿಮ್ಮಿನವನ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವನು ಬಂಡವಾಳಶಾಹಿ ಎಂದು ಬೈದು ಮುಗಿಸುವುದು ಸುಲಭ. ಅವನೂ ಹಿಂದುಳಿದ ಜಾತಿಯ ಹುಡುಗ, ತಂದೆಯ ಹೊಲ ಅಡವಿಟ್ಟು ಮಷೀನು ತಂದವನು. ಸೋರುತ್ತಿದೆ ಎಂದು ಯಜಮಾನನಿಗೆ ಹೇಳಿದ್ದು ಸುಳ್ಳಲ್ಲ. ಫೋನಿನಲ್ಲಿ ಕಳಿಸಿದ ಸಂದೇಶಗಳನ್ನು ನಾವೇ ನೋಡಿದೆವು. ಅವನ ಕೈಕೆಳಗೆ ಟ್ರೇನರುಗಳಾಗಿರುವವರು ನಮ್ಮ ಹುಡುಗರೇ. ಸಂಬಳ ಅಂತ ಇಲ್ಲ, ಆಳು ತಂದರೆ ಕಮಿಷನ್ನು. ಯಜಮಾನನಿಂದ ಒದೆ ತಿಂದ ಇವನು ಆ ಯಜಮಾನನ ವಿರುದ್ಧ ನಿಲ್ಲಬಹುದಿತ್ತು. ಹುಡುಗನ ಜೊತೆ, ದೊಡ್ಡವ್ವನ ಜೊತೆ ನಿಂತು ‘ತಾರಸಿ ರಿಪೇರಿ ಮಾಡಿ’ ಎನ್ನಬಹುದಿತ್ತು. ಅನ್ನಲಿಲ್ಲ. ಮೇಲಕ್ಕೆ ಕೈ ಎತ್ತುವುದಕ್ಕಿಂತ ಕೆಳಕ್ಕೆ ಕಾಲು ಜಾಡಿಸುವುದು ಸುಲಭ ಎಂದು ಈ ವ್ಯವಸ್ಥೆ ಅವನಿಗೆ ಕಲಿಸಿದೆ. ನಮ್ಮ ಸಿಟ್ಟು ಆ ಪಾಠದ ಮೇಲೆ.

ಬೈದರೆ ತಾರಸಿ ರಿಪೇರಿಯಾಗುವುದಿಲ್ಲ. ನಾವು ಏನು ಮಾಡಿದೆವು, ಎಲ್ಲರೂ ಏನು ಮಾಡಬಹುದು, ಹೇಳುತ್ತೇವೆ.

ಹುಡುಗನ ಕೈಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹಾಕಿಸಿದೆವು. ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ನಾವು ವಾಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು. ಘಟನೆಯಾದ ಎರಡು ವರ್ಷದೊಳಗೆ ಹಾಕಬೇಕು. ರಸೀದಿ, ಫಾರಮ್ಮಿನ ಪ್ರತಿ, ಆಸ್ಪತ್ರೆಯ ಚೀಟಿ, ಸೋರುವ ಜಾಗದ ಫೋಟೋ ಇಟ್ಟುಕೊಳ್ಳಬೇಕು. ಜಿಮ್ಮಿನವನ ಜೊತೆ ಕಟ್ಟಡದ ಯಜಮಾನನನ್ನೂ ಎದುರುಪಕ್ಷ ಮಾಡಿದ್ದೇವೆ. ದೂರಿನಲ್ಲಿ ಒಂದು ಸಾಲು ಬೇಕೆಂದೇ ಬರೆಸಿದೆವು: ನೆಲ ಒರೆಸುವ ಕೆಲಸಗಾರ್ತಿಯದು ತಪ್ಪಿಲ್ಲ, ಅವಳು ಬಕೆಟ್ಟು ಇಟ್ಟಿದ್ದಳು, ತೆಗೆಸಿದವರು ಜಿಮ್ಮಿನವರು. ಇದನ್ನು ಬರೆಯುವಾಗ ಹುಡುಗ ಹೇಳಿದ: ‘ಅಣ್ಣ, ಬಕೀಟು ಎತ್ತಿದ್ದು ನಾನೂ ನೋಡಿದ್ದೆ.’ ಸಾಕ್ಷಿ ಸಿಕ್ಕಿತು.

ದೊಡ್ಡವ್ವನ ಹನ್ನೊಂದು ದಿನದ ಕೂಲಿಗೆ ಕಾರ್ಮಿಕ ಇಲಾಖೆಗೆ ಬೇರೆ ಅರ್ಜಿ ಕೊಟ್ಟೆವು. ಅಲ್ಲಿನ ಗುಮಾಸ್ತರು ಕೇಳಿದ ಮೊದಲ ಪ್ರಶ್ನೆ: ‘ನೇಮಕಾತಿ ಪತ್ರ ಎಲ್ಲಿ?’ ಇಲ್ಲ. ‘ಹಾಜರಿ ಪುಸ್ತಕ?’ ಏಜೆನ್ಸಿಯವನ ಮನೆಯಲ್ಲಿ. ‘ಮತ್ತೆ ಇವಳು ಅಲ್ಲಿ ಕೆಲಸ ಮಾಡಿದ್ಲು ಅನ್ನೋದಕ್ಕೆ ಏನು ಪುರಾವೆ?’ ತಪ್ಪು ಹೊರಿಸುವಾಗ ಯಾರೂ ಈ ಪುರಾವೆ ಕೇಳಲಿಲ್ಲವಲ್ಲ ಸ್ವಾಮಿ ಎಂದು ನಾವು ಕೇಳಿದೆವು. ಅರ್ಜಿ ತೆಗೆದುಕೊಂಡರು.

ಇವು ನಮ್ಮ ಒತ್ತಾಯಗಳು:

ಒಂದು, ನಿರ್ಲಕ್ಷ್ಯದಿಂದ ಆದ ಗಾಯಕ್ಕೂ ಸಾವಿಗೂ ಹೊಣೆಯಿಲ್ಲ ಎಂದು ಬರೆಸಿಕೊಳ್ಳುವ ಯಾವ ಫಾರಮ್ಮೂ ನಿಲ್ಲದು ಎಂದು ಶಾಸನದಲ್ಲಿ ನೇರವಾಗಿ ಬರೆಯಬೇಕು. ಅಂಥ ಫಾರಮ್ಮು ಕನ್ನಡದಲ್ಲಿ, ಓದಬಹುದಾದ ಅಕ್ಷರದಲ್ಲಿ ಇರಬೇಕು.

ಎರಡು, ಕಟ್ಟಡದ ಒಡೆಯ, ಬಾಡಿಗೆದಾರ, ಗುತ್ತಿಗೆದಾರ ಮೂವರೂ ಗಾಯಗೊಂಡವರಿಗೆ ಒಟ್ಟಿಗೆ ಹೊಣೆಯಾಗಬೇಕು. ಪಾಲಿನ ಜಗಳವನ್ನು ಪರಿಹಾರ ಕೊಟ್ಟ ಮೇಲೆ ತಮ್ಮತಮ್ಮಲ್ಲಿ ಆಡಿಕೊಳ್ಳಲಿ.

ಮೂರು, ಜಿಮ್ಮಿಗೆ ಪರವಾನಗಿ ಕೊಡುವ ಮೊದಲು ನೆಲದ ತಾಳಿಕೆ, ಹೊರಬರುವ ದಾರಿ, ಬೆಂಕಿಯ ರಕ್ಷಣೆ ನೋಡಿ ರುಜು ಹಾಕಿದ ಅಧಿಕಾರಿಯ ಹೆಸರನ್ನು ಬಾಗಿಲಲ್ಲೇ ಬರೆಸಬೇಕು.

ನಾಲ್ಕು, ಒಬ್ಬರೇ ಇದ್ದರೂ ಶುಚಿ ಕೆಲಸದವರಿಗೆ ನೇಮಕಾತಿ ಪತ್ರ, ಇಎಸ್‌ಐ, ಬ್ಯಾಂಕಿಗೆ ಕೂಲಿ ಬೇಕು. ಅಪಾಯ ಕಂಡಲ್ಲಿ ಕೆಲಸ ನಿಲ್ಲಿಸುವ, ಬಕೆಟ್ಟು ಇಡುವ ಹಕ್ಕು ಬೇಕು.

ಐದು, ತಾಲೂಕಿಗೊಂದು ಸಾರ್ವಜನಿಕ ವ್ಯಾಯಾಮಶಾಲೆ, ಲಾರಿ ನಿಲ್ಲದ ಮೈದಾನ ಬೇಕು. ನಮ್ಮ ಮಕ್ಕಳು ಪೊಲೀಸ್ ಪರೀಕ್ಷೆಗೆ ಸಂಘದ ಸಾಲದಲ್ಲಿ ಮೈ ಬೆಳೆಸುವಂತಾಗಬಾರದು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಶಾಲೆ ಬಿಟ್ಟು ಪೇಟೆಗೆ ಹೋದ ಹುಡುಗರು ಜಿಮ್ಮಿಗೆ, ಕೋಚಿಂಗಿಗೆ, ಹಾಸ್ಟೆಲಿಗೆ ಸಹಿ ಹಾಕಿದ ಫಾರಮ್ಮುಗಳನ್ನು ತರಿಸಿಕೊಳ್ಳಿ. ಸಂಜೆ ಜಗಲಿಯ ಮೇಲೆ ಕೂತು ಅದನ್ನು ಕನ್ನಡಕ್ಕೆ ಬಿಡಿಸಿ ಓದಿ. ಅವರ ಅವ್ವಂದಿರನ್ನೂ ಕೂರಿಸಿಕೊಂಡು ಓದಿ, ಏಕೆಂದರೆ ಆ ಕಟ್ಟಡಗಳ ನೆಲ ಒರೆಸುವವರು ಅವರೇ.

ಆಯೋಗದಲ್ಲಿ ನಮ್ಮ ಪ್ರಕರಣ ಮುಂದಿನ ತಾರೀಖಿಗೆ ಹೋಗಿದೆ. ತಾರಸಿ ಇನ್ನೂ ಸೋರುತ್ತಿದೆ. ದೊಡ್ಡವ್ವನ ಜಾಗಕ್ಕೆ ಇನ್ನೊಬ್ಬ ಹೆಂಗಸು ಬಂದಿದ್ದಾಳೆ, ಅವಳೂ ನಮ್ಮವಳೇ. ಮೊನ್ನೆ ಮಳೆ ಬಂದಾಗ ಹೋಗಿ ನೋಡಿದೆವು. ಸೋರುವ ಜಾಗದಲ್ಲಿ ಬಕೆಟ್ಟು ಇತ್ತು. ‘ಎತ್ತು ಅಂದ್ರೆ?’ ಎಂದು ಕೇಳಿದೆವು. ‘ಬರೆದು ಕೊಡಿ, ಎತ್ತೀನಿ ಅಂದೆ. ಸುಮ್ನಾದ್ರು’ ಎಂದಳು.

ಅದನ್ನು ಅವಳಿಗೆ ಹೇಳಿಕೊಟ್ಟವಳು ದೊಡ್ಡವ್ವ.